ರಸ್ತೆ ಕೆಲಸದವರ ಪ್ರಾಣಕ್ಕೆ ಕಾವಲು ಯಾರು?

ಆಳಂದ ತಾಲ್ಲೂಕಿನ ಭೂಸನೂರದ ಸುತ್ತಮುತ್ತ ಮಳೆಗಾಲ ಹಿಂದೆ ಸರಿಯುತ್ತಲೇ ಎರಡು ಕೆಲಸಗಳು ಒಟ್ಟಿಗೆ ಆರಂಭವಾಗುತ್ತವೆ. ಒಂದು, ಸಕ್ಕರೆ ಕಾರ್ಖಾನೆಗೆ ಕಬ್ಬಿನ ಸಾಗಾಟ. ಇನ್ನೊಂದು, ಮಳೆಯಿಂದ ಹದಗೆಟ್ಟ ರಸ್ತೆಗಳ ದುರಸ್ತಿ. ಎತ್ತರಕ್ಕೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಹಗಲಿರುಳೆನ್ನದೆ ಸಾಗುವ ಅದೇ ಹಾದಿಯಲ್ಲಿ, ಬುಟ್ಟಿ, ಸಲಿಕೆ ಹಿಡಿದ ಗಂಡಸರೂ ಹೆಂಗಸರೂ ಖಡಿ ಹರಡುತ್ತ, ಡಾಂಬರು ಸುರಿಯುತ್ತ ದುಡಿಯುತ್ತಾರೆ. ಅವರಿಗೂ ವಾಹನಗಳಿಗೂ ನಡುವೆ ಇರುವುದು ಹಲವು ಸಲ ನಾಲ್ಕಾರು ಸುಣ್ಣ ಬಳಿದ ಕಲ್ಲುಗಳು, ಒಂದು ಜಾಲಿಯ ಟೊಂಗೆ, ಅಷ್ಟೇ.

ಕಲಬುರಗಿ ಜಿಲ್ಲೆಯ ಎರೆಭೂಮಿ ತೊಗರಿಗೆ ತಾಯಿಯಾದರೂ ರಸ್ತೆಗೆ ಹಗೆ. ಮಳೆಯಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುವ ಈ ಮಣ್ಣಿನ ಮೇಲೆ ಹಾಕಿದ ರಸ್ತೆ ಬಹುಕಾಲ ನೆಟ್ಟಗೆ ನಿಲ್ಲದು. ಆದುದರಿಂದ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ರಸ್ತೆ ಕೆಲಸ ಮುಗಿಯಿತು ಎಂಬ ಮಾತೇ ಇಲ್ಲ. ಕಲಬುರಗಿಯಿಂದ ಜೇವರ್ಗಿಯ ಮೂಲಕ ವಿಜಯಪುರದತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಭಾರೀ ಲಾರಿಗಳ ಸಾಲೇ ಸಾಗುತ್ತದೆ. ಇದರ ಜೊತೆಗೆ ಸೂರತ್-ಚೆನ್ನೈ ಆರ್ಥಿಕ ಕಾರಿಡಾರಿನ ಷಟ್ಪಥ ಮಾರ್ಗವೂ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹೊಲಗಳನ್ನು ಸೀಳಿಕೊಂಡು ಹೋಗುವ ಯೋಜನೆಯಾಗಿದೆ. ನಮ್ಮ ಊರುಗಳ, ತಾಂಡಾಗಳ ಎಷ್ಟೋ ಮನೆಗಳ ಒಲೆ ಉರಿಯುವುದು ಇಂಥ ರಸ್ತೆ ಕೆಲಸದ ಕೂಲಿಯಿಂದಲೇ.

ಹಾಗಾದರೆ ಈ ಜನರ ಪ್ರಾಣರಕ್ಷಣೆಗೆ ನಿಯಮಗಳಿಲ್ಲವೇ? ಇವೆ. ಅವುಗಳ ಅರಿವು ಕೆಲಸಗಾರರಿಗೂ ಅವರ ಮನೆಯವರಿಗೂ ಮುಟ್ಟಿಲ್ಲ ಎಂಬುದೇ ಖೇದದ ಸಂಗತಿ.

ನಿಯಮ ಏನು ಹೇಳುತ್ತದೆ?

ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ತಾಂತ್ರಿಕ ಸಂಸ್ಥೆಯು ಕಾಮಗಾರಿ ಸ್ಥಳಗಳ ಸುರಕ್ಷತೆಗೆಂದೇ ಒಂದು ಮಾರ್ಗಸೂಚಿಯನ್ನು 2001ರಲ್ಲಿ ಹೊರತಂದು 2014ರಲ್ಲಿ ಪರಿಷ್ಕರಿಸಿತು. ಇದರ ತಿರುಳು ಸರಳ. ಕೆಲಸ ನಡೆಯುವ ಜಾಗ ಎಂದರೆ ಗುಂಡಿ ತೋಡಿದ ಜಾಗ ಮಾತ್ರವಲ್ಲ. ಅದಕ್ಕೆ ಬಹಳ ಹಿಂದೆಯೇ ಚಾಲಕನಿಗೆ ಮುನ್ನೆಚ್ಚರಿಕೆ ನೀಡುವ ಭಾಗವಿರಬೇಕು. ಅನಂತರ ಕೋನ್‌ಗಳನ್ನು ಓರೆಯಾಗಿ ಸಾಲಿಟ್ಟು ವಾಹನಗಳನ್ನು ಮೆಲ್ಲನೆ ಪಕ್ಕಕ್ಕೆ ಸರಿಸುವ ಭಾಗ. ಆಮೇಲೆ ಕೆಲಸದ ಭಾಗ. ಕೊನೆಯಲ್ಲಿ ವಾಹನಗಳು ಮರಳಿ ತಮ್ಮ ಹಾದಿ ಹಿಡಿಯುವ ಭಾಗ. ಕೆಲಸಗಾರರಿಗೂ ಬರುವ ವಾಹನಗಳಿಗೂ ನಡುವೆ ಸ್ವಲ್ಪ ಜಾಗವನ್ನು ಬರಿದಾಗಿ ಬಿಡಬೇಕು. ಅಲ್ಲಿ ಆಳೂ ನಿಲ್ಲಬಾರದು, ಸಾಮಾನೂ ಇಡಬಾರದು. ದಾರಿ ತಪ್ಪಿ ನುಗ್ಗಿದ ವಾಹನ ಆ ಬರಿಜಾಗದಲ್ಲೇ ನಿಂತರೆ ಹಲವು ಜೀವಗಳು ಉಳಿದಾವು.

ಇಷ್ಟು ದೂರ ಏಕೆ ಬೇಕೆಂಬುದಕ್ಕೆ ಲೆಕ್ಕವಿದೆ. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಚಾಲಕನು ಅಪಾಯವನ್ನು ಕಂಡು, ತಿಳಿದು, ಬ್ರೇಕ್ ಒತ್ತಲು ನಮ್ಮ ಎಂಜಿನಿಯರುಗಳು ಎರಡೂವರೆ ಸೆಕೆಂಡು ಹಿಡಿಯುತ್ತಾರೆ. ಅಷ್ಟರಲ್ಲೇ 55 ಮೀಟರ್ ಕಳೆದಿರುತ್ತದೆ. ವಾಹನ ಪೂರ್ತಿ ನಿಲ್ಲಲು ರಸ್ತೆ ಕಾಂಗ್ರೆಸ್ಸಿನ ಲೆಕ್ಕದಂತೆ 50 ಕಿಲೋಮೀಟರ್ ವೇಗದಲ್ಲಿ 60 ಮೀಟರ್, 80ರಲ್ಲಿ 120 ಮೀಟರ್, 100ರಲ್ಲಿ 180 ಮೀಟರ್ ಬೇಕು. ಹೀಗಿರುವಾಗ ಹತ್ತು ಹೆಜ್ಜೆ ಮುಂದೆ ಇಟ್ಟ ಕಲ್ಲು ಯಾರನ್ನು ಕಾಪಾಡೀತು?

ಬಾವುಟ ಹಿಡಿಯುವವನ ಕೈಯಲ್ಲಿ

ನಮ್ಮಲ್ಲಿ ಒಂದು ರೂಢಿಯಿದೆ. ಭಾರ ಹೊರಲಾಗದ ಮುದುಕನಿಗೋ ಎಳೆಯ ಹುಡುಗನಿಗೋ ಕೆಂಪು ಬಾವುಟ ಕೊಟ್ಟು ರಸ್ತೆಯಲ್ಲಿ ನಿಲ್ಲಿಸುವುದು. ಅದು ಹಗುರ ಕೆಲಸವೆಂದು ಮೇಸ್ತ್ರಿಯ ಎಣಿಕೆ. ವಾಸ್ತವದಲ್ಲಿ ಇಡೀ ತಂಡದ ಪ್ರಾಣ ಆ ಬಾವುಟದಲ್ಲಿದೆ. ಆ ಕೆಲಸಕ್ಕೆ ಕಣ್ಣು, ಕಿವಿ ಚುರುಕಾಗಿರುವ, ತರಬೇತಿ ಪಡೆದ ವ್ಯಕ್ತಿಯೇ ಬೇಕು. ಆತ ವಾಹನ ಬರುವ ಪಥದಲ್ಲಿ ನಿಲ್ಲದೆ ರಸ್ತೆಯ ಅಂಚಿನಲ್ಲಿ, ದೂರದಿಂದಲೇ ಕಾಣುವಂತೆ ನಿಲ್ಲಬೇಕು. ಬರುವ ವಾಹನಗಳಿಗೆ ಎಂದೂ ಬೆನ್ನು ಮಾಡಬಾರದು. ಮರದ ನೆರಳಿನಲ್ಲಿ ನಿಂತರೆ ಬಿಸಿಲಿನಿಂದ ಬರುವ ಚಾಲಕನ ಕಣ್ಣಿಗೆ ಬೀಳುವುದು ಕಷ್ಟ. ವಾಹನ ನಿಲ್ಲದೆ ನುಗ್ಗಿದರೆ ತಾನು ಯಾವ ಕಡೆ ಹಾರಿಕೊಳ್ಳಬೇಕೆಂಬುದನ್ನು ಮೊದಲೇ ನೋಡಿಟ್ಟುಕೊಂಡಿರಬೇಕು. ಕೈಯಲ್ಲಿ ಮೊಬೈಲ್ ಸಲ್ಲದು. ಎರಡೂ ತುದಿಗಳಲ್ಲಿ ನಿಂತವರು ಒಬ್ಬರನ್ನೊಬ್ಬರು ಕಾಣಲಾಗದಿದ್ದರೆ ನಡುವೆ ಮೂರನೆಯವನೊಬ್ಬನು ಇರಬೇಕು.

ಉಳಿದ ಕೆಲಸಗಾರರಿಗೂ ಕೆಲಸ ಆರಂಭಿಸುವ ಮುನ್ನ ಪ್ರತಿದಿನ ಹತ್ತು ನಿಮಿಷ ಅವರ ಮಾತಿನಲ್ಲೇ ತಿಳಿಹೇಳುವುದು ಅಗತ್ಯ. ಹೊಳೆಯುವ ಪಟ್ಟಿಗಳುಳ್ಳ ಕಿತ್ತಳೆ ಅಥವಾ ಹಳದಿ ಜಾಕೆಟ್ ಎಲ್ಲರಿಗೂ ಬೇಕು. ಸೀರೆಯ ಮೇಲೆ ಜಾಕೆಟ್ ಧರಿಸುವ ಹೆಂಗಸರು ಸೆರಗಿನಿಂದ ಅದನ್ನು ಮುಚ್ಚಿಕೊಂಡರೆ ಅದರ ಫಲವಿಲ್ಲ. ಹಿಂದಕ್ಕೆ ಬರುವ ಟಿಪ್ಪರಿನ ಚಾಲಕನಿಗೆ ಬೆನ್ನ ಹಿಂದಿನ ಆಳು ಕಾಣುವುದಿಲ್ಲ. ಆದ್ದರಿಂದ ಸನ್ನೆ ಮಾಡುವವನಿಲ್ಲದೆ ವಾಹನವನ್ನು ಹಿಂದಕ್ಕೆ ಬಿಡಬಾರದು. ಟಿಪ್ಪರಿನ ತೊಟ್ಟಿ ಎತ್ತುವ ಮೊದಲು ಮೇಲಿರುವ ವಿದ್ಯುತ್ ತಂತಿಯನ್ನು ನೋಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮಧ್ಯಾಹ್ನದ ಬುತ್ತಿ ಉಂಡು ಟಿಪ್ಪರು, ರೋಲರುಗಳ ನೆರಳಿನಲ್ಲಿ ಒರಗುವ ಅಭ್ಯಾಸ ನಿಲ್ಲಬೇಕು. ಮಲಗಿದವರಿರುವುದನ್ನು ಅರಿಯದ ಚಾಲಕ ವಾಹನವನ್ನು ಚಲಾಯಿಸಿಬಿಟ್ಟರೆ ಆಮೇಲೆ ಅತ್ತು ಏನು ಫಲ? ಗುತ್ತಿಗೆದಾರನೇ ಬೇರೆ ಕಡೆ ನೆರಳು ಮಾಡಿಕೊಡಬೇಕು. ಹಸುಗೂಸನ್ನು ಸೀರೆಯ ಜೋಳಿಗೆಯಲ್ಲಿ ರಸ್ತೆಬದಿಯ ಮರಕ್ಕೆ ತೂಗಿಹಾಕಿ ದುಡಿಯುವ ತಾಯಿಗೂ ಇದೇ ನ್ಯಾಯ. ಆ ಕೂಸಿಗೆ ವಾಹನಗಳಿಂದ ದೂರದ ಜಾಗ ಬೇಕು.

ಬಿಸಿಲು ಮತ್ತು ಬಿಸಿ ಡಾಂಬರು

ಬೇಸಿಗೆಯಲ್ಲಿ ಈ ಸೀಮೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ಪದ್ಧತಿ ಬಂದಿದೆ. ಪಂಖದ ಕೆಳಗೆ ಕುಳಿತವರಿಗೆ ಈ ದಯೆ ಸಲ್ಲುವುದಾದರೆ, 150 ಡಿಗ್ರಿಗೂ ಮಿಕ್ಕಿ ಕಾಯಿಸಿದ ಡಾಂಬರಿನ ಬಳಿ ನಿಂತವರಿಗೆ ಸಲ್ಲಬಾರದೇ? ನಸುಕಿನಲ್ಲೇ ಕೆಲಸ ಆರಂಭಿಸಿ ನಡುಹಗಲಿನಲ್ಲಿ ವಿರಾಮ ಕೊಡುವುದು, ಕುಡಿಯುವ ನೀರನ್ನು ಕೈಗೆಟಕುವಂತೆ ಇಡುವುದು ಉಪಕಾರವಲ್ಲ, ಕರ್ತವ್ಯ. ತಲೆ ತಿರುಗಿ, ಮಾತು ತೊದಲಿ, ಮೈ ಸುಡುತ್ತಿದ್ದರೆ ಅದು ಬಿಸಿಲಾಘಾತ. ಅಂಥವರನ್ನು ಕೂಡಲೇ ನೆರಳಿಗೆ ತಂದು, ಮೈಯನ್ನು ನೀರಿನಿಂದ ತೋಯಿಸಿ ಗಾಳಿ ಹಾಕುತ್ತ 108ಕ್ಕೆ ಕರೆ ಮಾಡಬೇಕು.

ಕಾದ ಡಾಂಬರು ಮೈಗೆ ಸಿಡಿದಾಗ ಗಾಬರಿಯಿಂದ ಅದನ್ನು ಕಿತ್ತೆಳೆದರೆ ಚರ್ಮವೂ ಜೊತೆಗೇ ಕಿತ್ತುಬರುತ್ತದೆ. ಸೀಮೆಎಣ್ಣೆಯಿಂದ ಉಜ್ಜುವುದೂ ತಪ್ಪು. ಸುಟ್ಟ ಭಾಗದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಸುರಿಯುತ್ತ ತಂಪು ಮಾಡಿ, ಡಾಂಬರನ್ನು ಹಾಗೆಯೇ ಬಿಟ್ಟು ಆಸ್ಪತ್ರೆಗೆ ಒಯ್ಯುವುದೇ ಸರಿಯಾದ ಕ್ರಮ.

ಕಾನೂನಿನ ಬಲ

ರಸ್ತೆ ಕೆಲಸದವರೂ ಕಟ್ಟಡ ಕಾರ್ಮಿಕರ ಸಾಲಿಗೇ ಸೇರುತ್ತಾರೆ ಎಂಬುದು ಅನೇಕರಿಗೆ ತಿಳಿಯದು. 1996ರ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಾಯ್ದೆ ರಸ್ತೆಯನ್ನೂ ಒಳಗೊಂಡಿತ್ತು. ಅದರಡಿ ನಮ್ಮ ರಾಜ್ಯದಲ್ಲಿ 2007ರಲ್ಲಿ ಕಲ್ಯಾಣ ಮಂಡಳಿ ರಚನೆಯಾಯಿತು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ, 18ರಿಂದ 60 ವರ್ಷದೊಳಗಿನ ಕಾರ್ಮಿಕರು ಹೆಸರು ನೋಂದಾಯಿಸಿಕೊಳ್ಳುವ ವ್ಯವಸ್ಥೆ ಆ ಕಾಯ್ದೆಯಿಂದ ಬಂದದ್ದು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕೆಲಸಕ್ಕೆ ಸೇರಿಸಿಕೊಂಡವರಿಗೆ ನೇಮಕಾತಿ ಪತ್ರ ಕೊಡಬೇಕೆಂದೂ, ಪ್ರಾಣಾಪಾಯ ಕಂಡುಬಂದರೆ ಕೆಲಸಗಾರನು ಮಾಲೀಕನಿಗೂ ಪರಿವೀಕ್ಷಕರಿಗೂ ತಿಳಿಸಬಹುದೆಂದೂ ಅವುಗಳಲ್ಲಿದೆ. ದಿನಗೂಲಿಯವನು ಬಾಯಿ ತೆರೆದರೆ ನಾಳೆಯ ಕೂಲಿ ತಪ್ಪೀತೆಂಬ ಭಯ ನಿಜವಾದುದೇ. ಅದಕ್ಕಾಗಿಯೇ ಒಬ್ಬಂಟಿಯಾಗಿ ಅಲ್ಲ, ತಂಡವಾಗಿ ಕೇಳಬೇಕು. ಊರಿನ ಓದುಬರಹ ಬಲ್ಲವರು ಅವರ ಜೊತೆಗೆ ನಿಲ್ಲಬೇಕು.

ರಸ್ತೆಯ ಹೊಣೆ ಹೊತ್ತವರಿಗೂ ಕಾನೂನು ತಟ್ಟದಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 198ಎ ಕಲಮಿನಂತೆ, ನಿರ್ಮಾಣ ಮತ್ತು ನಿರ್ವಹಣೆಯ ಸುರಕ್ಷತಾ ಮಾನದಂಡಗಳನ್ನು ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಅಧಿಕಾರಿಗಾಗಲಿ ಗುತ್ತಿಗೆದಾರನಿಗಾಗಲಿ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ನಮ್ಮ ಪಾಲಿನ ಕರ್ತವ್ಯ

2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮೃತರಾದರು; ಅವರಲ್ಲಿ 61,038 ಮಂದಿ ಪ್ರಾಣ ಬಿಟ್ಟದ್ದು ರಾಷ್ಟ್ರೀಯ ಹೆದ್ದಾರಿಗಳಲ್ಲಿ. ಕಾಮಗಾರಿಯ ಅಪಾಯ ಕೆಲಸಗಾರರಿಗೆ ಮಾತ್ರ ಎಂದು ತಿಳಿಯುವುದೂ ಸರಿಯಲ್ಲ. ಅಮೆರಿಕದಲ್ಲಿ ಕಾಮಗಾರಿ ಸ್ಥಳಗಳ ಅಪಘಾತಗಳಲ್ಲಿ ಸಾಯುವವರ ಪೈಕಿ ಐವರಲ್ಲಿ ಸುಮಾರು ನಾಲ್ವರು ವಾಹನಗಳಲ್ಲಿದ್ದವರೇ ಎಂದು ಅಲ್ಲಿನ ಅಂಕಿಅಂಶಗಳು ಹೇಳುತ್ತವೆ. ಅಂದಮೇಲೆ ಕೆಂಪು ಬಾವುಟ ಕಂಡಲ್ಲಿ ವೇಗ ತಗ್ಗಿಸುವುದು ನಮ್ಮ ಮಡದಿ ಮಕ್ಕಳ ರಕ್ಷಣೆಯೂ ಹೌದು.

ಕಬ್ಬಿನ ಟ್ರೇಲರಿನ ಹಿಂದೆ ಕೆಂಪು ಪ್ರತಿಫಲಕ ಹಚ್ಚುವುದು ಸಣ್ಣ ಖರ್ಚಿನ ಮಾತು. ತೊಗರಿ, ಜೋಳದ ರಾಶಿಯನ್ನು ರಸ್ತೆಗೆ ಹರಡಿ ಅಂಚಿಗೆ ಕಲ್ಲಿಡುವ ರೈತ ಬಂಧುಗಳು, ರಾಶಿ ಎತ್ತಿದ ಮೇಲೆ ಕಲ್ಲನ್ನೂ ಎತ್ತಬೇಕು. ಕೆಲಸ ಮುಗಿಸಿ ಹೊರಡುವ ರಸ್ತೆ ತಂಡಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕತ್ತಲಲ್ಲಿ ಬೈಕಿನ ಮೇಲೆ ಬರುವವನಿಗೆ ಬಿಟ್ಟುಹೋದ ಕಲ್ಲೇ ಮೃತ್ಯುವಾಗುತ್ತದೆ. ಅಪಘಾತ ಕಂಡಾಗ ಪೊಲೀಸರ ಗೊಡವೆ ಏಕೆಂದು ಮುಂದೆ ಸಾಗುವುದೂ ಬೇಡ. ಗಾಯಾಳುಗಳಿಗೆ ನೆರವಾದವರನ್ನು ರಕ್ಷಿಸುವ ಕಾನೂನು ರಾಜ್ಯದಲ್ಲೂ ಕೇಂದ್ರದಲ್ಲೂ ಇದೆ.

ಇನ್ನೊಂದು ಕೆಲಸ ನಮ್ಮ ಕೈಯಲ್ಲೇ ಇದೆ. ಧರ್ಮಕೇಂದ್ರದ ಸಭಾಂಗಣಗಳಲ್ಲಾಗಲಿ ಶಾಲೆಗಳ ಅಂಗಳದಲ್ಲಾಗಲಿ, ಜಾತಿಮತದ ಎಣಿಕೆಯಿಲ್ಲದೆ ಊರಿನ ಎಲ್ಲ ರಸ್ತೆ ಕೆಲಸಗಾರರನ್ನು ವರ್ಷಕ್ಕೊಮ್ಮೆ ಸೇರಿಸಿ, ಲೋಕೋಪಯೋಗಿ ಇಲಾಖೆಯ ಎಂಜಿನಿಯರರನ್ನೂ ಕಾರ್ಮಿಕ ನಿರೀಕ್ಷಕರನ್ನೂ ಕರೆಸಿ ತಿಳಿವಳಿಕೆ ಕೊಡಿಸಬಹುದು. ಏಪ್ರಿಲ್ 28 ಕೆಲಸದ ಸ್ಥಳದ ಸುರಕ್ಷತೆ ಮತ್ತು ಆರೋಗ್ಯದ ವಿಶ್ವದಿನ. 2003ರಿಂದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಇದನ್ನು ಆಚರಿಸುತ್ತ ಬಂದಿದೆ. ಬಿಸಿಲಿನ ಹೊತ್ತಿಗೆ ಬರುವ ಆ ದಿನವೇ ಇಂಥ ಸಭೆಗೆ ತಕ್ಕದ್ದು. ಬಾವುಟ ಹಿಡಿಯುವವರು ಮುಂದಿನ ಸಾಲಿನಲ್ಲಿ ಕೂಡಲಿ. ಹೆಂಗಸರು ಬಿಡದೆ ಬರಲಿ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋದವರು ಸಂಜೆ ಮನೆಗೆ ಮರಳುವಂತಾಗಲು ಇಷ್ಟು ಮಾಡುವುದು ನಮಗೆ ಹೊರೆಯಾಗಲಾರದು.