ಕಂಡದ್ದನ್ನು ಏನೆಂದು ಕರೆಯಬೇಕು?

1947ರ ಜೂನ್ 24ರಂದು ಅಮೆರಿಕದ ಮೌಂಟ್ ರೇನಿಯರ್ ಪರ್ವತದ ಬಳಿ ಸಣ್ಣ ವಿಮಾನ ಹಾರಿಸುತ್ತಿದ್ದ ಕೆನೆತ್ ಆರ್ನಾಲ್ಡ್ ಅವರಿಗೆ ಭಾರೀ ವೇಗದಲ್ಲಿ ಸಾಗುತ್ತಿದ್ದ ಒಂಬತ್ತು ವಸ್ತುಗಳು ಕಂಡವು. ನೀರಿನ ಮೇಲೆ ಬೀಸಿ ಎಸೆದ ತಟ್ಟೆ ಪುಟಿಯುತ್ತ ಹೋಗುವ ಹಾಗೆ ಅವು ಚಲಿಸಿದವು ಎಂದು ಅವರು ಹೇಳಿದರು. ಹೇಳಿದ್ದು ಚಲನೆಯ ಬಗ್ಗೆ, ಆಕಾರದ ಬಗ್ಗೆ ಅಲ್ಲ. ಆದರೆ ಪತ್ರಿಕೆಗಳು ಅದನ್ನು ‘ಹಾರುವ ತಟ್ಟೆ’ ಮಾಡಿದವು, ಮುಂದಿನ ವಾರಗಳಲ್ಲಿ ದೇಶದ ನಾನಾ ಕಡೆ ಜನರಿಗೆ ಆಕಾಶದಲ್ಲಿ ತಟ್ಟೆಗಳೇ ಕಾಣತೊಡಗಿದವು. ಹೆಸರು ಮೊದಲು ಬಂತು, ಆಕಾರ ಅದರ ಬೆನ್ನಿಗೆ ಬಂತು. ಆದ್ದರಿಂದ ಅರ್ಥವಾಗದ ದೃಶ್ಯಕ್ಕೆ ಹೆಸರಿಡುವುದನ್ನು ಹಗುರವಾಗಿ ನೋಡುವಂತಿಲ್ಲ. ಏನು ಕಂಡಿತು, ಅದನ್ನು ಕಂಡವರ ಸಾಕ್ಷ್ಯ ಎಷ್ಟು ಗಟ್ಟಿ, ಇವೆರಡನ್ನು ಮಾತ್ರ ಹೆಸರು ಹೇಳಬೇಕು. ಕಾರಣದ ಜಾಗ ಖಾಲಿ ಇರಬೇಕು.

ಅಮೆರಿಕದ ವಾಯುಪಡೆಯಲ್ಲಿ ಇಂಥ ವರದಿಗಳ ತನಿಖೆ ನಡೆಸುತ್ತಿದ್ದ ಎಡ್ವರ್ಡ್ ರೂಪೆಲ್ಟ್ ತಟ್ಟೆಯನ್ನು ಬದಿಗಿಟ್ಟು ‘ಯುಎಫ್ಒ’, ಅಂದರೆ ಗುರುತಿಸಲಾಗದ ಹಾರುವ ವಸ್ತು ಎಂಬ ಹೆಸರನ್ನು ಚಾಲ್ತಿಗೆ ತಂದರು. ಎಚ್ಚರಿಕೆಯ ಹೆಸರೇ. ಆದರೂ ಅದರೊಳಗೊಂದು ಊಹೆ ಉಳಿದುಕೊಂಡಿತು: ರಾತ್ರಿ ಕಂಡ ಬೆಳಕಿನ ಹಿಂದೆ ವಸ್ತುವೊಂದು ಇರಲೇಬೇಕೆಂದಿಲ್ಲ, ಇದ್ದರೂ ಅದು ಹಾರುತ್ತಿರಬೇಕೆಂದಿಲ್ಲ. ಶುಕ್ರಗ್ರಹವೇ ಎಷ್ಟೋ ಸಲ ಯುಎಫ್ಒ ಎಂದು ವರದಿಯಾಗಿದೆ. ಇತ್ತೀಚೆಗೆ ಅಮೆರಿಕದ ಸರ್ಕಾರಿ ದಾಖಲೆಗಳು ‘ವಸ್ತು’ವನ್ನು ಬಿಟ್ಟು ‘ವಿದ್ಯಮಾನ’ ಎನ್ನತೊಡಗಿರುವುದು ಸರಿಯಾಗಿಯೇ ಇದೆ. ವಾಯುಪಡೆಯ ‘ಪ್ರಾಜೆಕ್ಟ್ ಬ್ಲೂ ಬುಕ್’ 1969ರಲ್ಲಿ ಮುಗಿದಾಗ 12,618 ವರದಿಗಳಲ್ಲಿ 701 ಗುರುತಾಗದೆ ಉಳಿದಿದ್ದವು. ಅನ್ಯಗ್ರಹ ಜೀವಿಗಳನ್ನು ನಂಬುವವರು ಇಂದಿಗೂ ಈ ಅಂಕಿಯನ್ನು ಮುಂದಿಡುತ್ತಾರೆ. ಆದರೆ ಆ 701ರಲ್ಲಿ ಒಂದೊಂದರ ಸಾಕ್ಷ್ಯ ಎಷ್ಟು ಬಲವಾದದ್ದು ಎಂಬುದನ್ನು ಅಂಕಿ ಹೇಳುವುದಿಲ್ಲ.

ಬ್ಲೂ ಬುಕ್‌ಗೆ ಸಲಹೆಗಾರರಾಗಿದ್ದ ಖಗೋಳ ವಿಜ್ಞಾನಿ ಅಲೆನ್ ಹೈನೆಕ್ 1972ರ ತಮ್ಮ ಪುಸ್ತಕದಲ್ಲಿ ಈ ಕೊರತೆಯನ್ನು ತುಂಬಲು ನೋಡಿದರು. ರಾತ್ರಿಯ ಬೆಳಕು, ಹಗಲಿನ ಬಿಲ್ಲೆ, ಕಣ್ಣಿಗೂ ರೇಡಾರಿಗೂ ಒಟ್ಟಿಗೆ ಸಿಕ್ಕಿದ್ದು, ಸುಮಾರು 150 ಮೀಟರಿನೊಳಗಿನ ಮೂರು ಬಗೆಯ ನಿಕಟ ದರ್ಶನ ಎಂದು ಅವರು ವಿಂಗಡಿಸಿದರು. ಸ್ಪೀಲ್‌ಬರ್ಗ್ ಸಿನಿಮಾದಿಂದಾಗಿ ಇವುಗಳಲ್ಲಿ ಕೊನೆಯದು ಲೋಕಪ್ರಸಿದ್ಧವಾಯಿತು. ನನ್ನ ದೃಷ್ಟಿಯಲ್ಲಿ ಅವರ ನಿಜವಾದ ಕೊಡುಗೆ ಅಷ್ಟು ಹೆಸರಾಗದ ಇನ್ನೊಂದು: ಪ್ರತಿ ವರದಿಗೂ ಅದರ ವಿಚಿತ್ರತೆಗೆ ಒಂದು ಅಂಕ, ನಂಬಲರ್ಹತೆಗೆ ಬೇರೊಂದು ಅಂಕ. ಕಥೆ ಎಷ್ಟು ಅದ್ಭುತವಾಗಿದ್ದರೂ ಅದರಿಂದ ಸಾಕ್ಷ್ಯದ ತೂಕ ಹೆಚ್ಚುವುದಿಲ್ಲ ಎಂಬ ವಿವೇಕ ಅದರಲ್ಲಿದೆ. 1977ರಲ್ಲಿ ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ ಆರಂಭಿಸಿದ, ಈಗ ‘ಗೈಪಾನ್’ ಎಂದು ಕರೆಯಲಾಗುವ ಘಟಕ ನಾಲ್ಕು ಅಕ್ಷರಗಳನ್ನು ಬಳಸುತ್ತದೆ. ‘ಎ’ ಎಂದರೆ ಕಾರಣ ಗೊತ್ತಾದದ್ದು, ‘ಬಿ’ ಬಹುಮಟ್ಟಿಗೆ ಗೊತ್ತಾದದ್ದು. ಮುಖ್ಯವಾದ ಗೆರೆ ಇರುವುದು ಕೊನೆಯ ಎರಡರ ನಡುವೆ: ಮಾಹಿತಿ ಸಾಲದೆ ನಿಂತದ್ದು ‘ಸಿ’, ಸಾಕಷ್ಟು ಮಾಹಿತಿಯಿದ್ದೂ ವಿವರಣೆಗೆ ನಿಲುಕದ್ದು ‘ಡಿ’. ನಿಗೂಢ ಎಂದು ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುವ ಎಷ್ಟೋ ಸಂಗತಿಗಳು ‘ಸಿ’ಗೆ ಸೇರಿದವು. ಅವುಗಳಲ್ಲಿ ಕಡಿಮೆ ಬಿದ್ದಿರುವುದು ವಿವರಗಳು ಮಾತ್ರ.

ಇಷ್ಟೆಲ್ಲ ವರ್ಗೀಕರಣ ಮಾಡಿದರೆ ಗಾಳಿಸುದ್ದಿಗೆ ವಿಜ್ಞಾನದ ಮರ್ಯಾದೆ ಕೊಟ್ಟಂತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಭಯ ಆಧಾರವಿಲ್ಲದ್ದಲ್ಲ, ಆದರೆ ತಳ್ಳಿಹಾಕುವುದಕ್ಕೂ ಬೆಲೆ ತೆರಬೇಕಾಗುತ್ತದೆ. ಗುಡುಗು ಮೋಡಗಳ ಮೇಲೆ ಕ್ಷಣಮಾತ್ರ ಹೊಳೆಯುವ ಬೆಳಕನ್ನು ಕಂಡೆವೆಂದು ವಿಮಾನ ಚಾಲಕರು ಹೇಳಿದ್ದನ್ನು ದಶಕಗಳ ಕಾಲ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 1989ರ ಜುಲೈನಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಜಾನ್ ವಿಂಕ್ಲರ್ ಮತ್ತು ಸಂಗಡಿಗರು ಮಂದ ಬೆಳಕಿನ ಕ್ಯಾಮೆರಾವೊಂದನ್ನು ಪರೀಕ್ಷಿಸುತ್ತಿದ್ದಾಗ ಆ ಬೆಳಕು ಆಕಸ್ಮಿಕವಾಗಿ ದಾಖಲಾಯಿತು. ನೆಲದಿಂದ ಸುಮಾರು 50ರಿಂದ 90 ಕಿಲೋಮೀಟರ್ ಎತ್ತರದಲ್ಲಿ, ಮಿಲಿಸೆಕೆಂಡುಗಳಲ್ಲಿ ಮುಗಿದುಹೋಗುವ ಕೆಂಪು ಹೊಳಪು ಅದು. ಅಲಾಸ್ಕದ ವಿಜ್ಞಾನಿ ಡೇವಿಸ್ ಸೆಂಟ್ಮನ್ ಅದಕ್ಕೆ ‘ಸ್ಪ್ರೈಟ್’ ಎಂಬ ಕಿನ್ನರರ ಹೆಸರಿಟ್ಟರು. ಕಾರಣ ಇನ್ನೂ ಖಚಿತವಾಗಿರದಿದ್ದುದರಿಂದ, ಯಾವ ಕಾರಣವನ್ನೂ ಸೂಚಿಸದ ಹೆಸರೇ ಬೇಕೆಂಬುದು ಅವರ ಉದ್ದೇಶವಾಗಿತ್ತು. ಮೋಡದಿಂದ ನೆಲಕ್ಕೆ ಬಡಿದ ಬಲವಾದ ಸಿಡಿಲು ಮೇಲಿನ ವಿರಳ ಗಾಳಿಯಲ್ಲಿ ಎಬ್ಬಿಸುವ ವಿದ್ಯುತ್ ವಿಸರ್ಜನೆ ಅದೆಂದು ತಿಳಿದಮೇಲೂ ಹೆಸರನ್ನು ಬದಲಿಸಬೇಕಾಗಲಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಆಳದ್ದು: ಒಂದನ್ನು ಇನ್ನೊಂದರಿಂದ ಬೇರೆ ಎನ್ನುವಾಗಲೇ ಊಹೆ ನುಸುಳುತ್ತದೆ, ಊಹೆಯಿಲ್ಲದ ವರ್ಗೀಕರಣ ಎಂಬುದಿಲ್ಲ. ಒಪ್ಪುತ್ತೇನೆ. ಆದರೆ ಅಳತೆಯಲ್ಲಿ ಕಂಡ ವ್ಯತ್ಯಾಸದ ಮೇಲೆ ನಿಂತ ಊಹೆಯನ್ನು ಪರೀಕ್ಷಿಸಬಹುದು. ಆಸ್ಟ್ರೇಲಿಯದ ಪಾರ್ಕ್ಸ್ ರೇಡಿಯೊ ದೂರದರ್ಶಕದ ಹಳೆಯ ದತ್ತಾಂಶದಲ್ಲಿ ಮಿಲಿಸೆಕೆಂಡುಗಳಷ್ಟು ಬಾಳಿದ ಪ್ರಬಲ ಸ್ಫೋಟವೊಂದು 2007ರಲ್ಲಿ ಪತ್ತೆಯಾಯಿತು. ಕೆಲವು ವರ್ಷಗಳಲ್ಲೇ ಅದನ್ನು ಹೋಲುವ, ಆದರೆ ದೂರದರ್ಶಕದ ಗ್ರಾಹಕ ಆಕಾಶದಲ್ಲಿ ನೋಡುವ ಎಲ್ಲ ಬಿಂದುಗಳಲ್ಲೂ ಏಕಕಾಲಕ್ಕೆ ಕಾಣುವ ಸಂಕೇತಗಳು ಸಿಕ್ಕವು. ಆಕಾಶದ ಒಂದು ಬಿಂದುವಿನಿಂದ ಬಂದದ್ದು ಹಾಗೆ ಕಾಣುವುದಿಲ್ಲವಾದ್ದರಿಂದ ವಿಜ್ಞಾನಿಗಳು ಅವುಗಳಿಗೆ ‘ಪೆರಿಟನ್’ ಎಂಬ ಬೇರೆ ಹೆಸರಿಟ್ಟರು. 2015ರಲ್ಲಿ ಮೂಲ ಸಿಕ್ಕಿತು: ಕೆಲಸ ಮುಗಿಯುವ ಮುನ್ನವೇ ಬಾಗಿಲು ತೆರೆದ, ವೀಕ್ಷಣಾಲಯದ ಮೈಕ್ರೊವೇವ್ ಒಲೆ. ಎರಡನ್ನೂ ಒಂದೇ ಹೆಸರಿನಡಿ ತುಂಬಿದ್ದರೆ ಒಲೆಯ ಜೊತೆ ನಿಜವಾದ ಸ್ಫೋಟಗಳನ್ನೂ ಕಸಕ್ಕೆ ಹಾಕಿಬಿಡುತ್ತಿದ್ದೆವೇನೋ. ‘ಕ್ಷಿಪ್ರ ರೇಡಿಯೊ ಸ್ಫೋಟ’ ಎಂದಷ್ಟೇ ಕರೆದದ್ದರಿಂದ ಅವುಗಳ ಶೋಧ ಮುಂದುವರಿಯಿತು. 2020ರಲ್ಲಿ ನಮ್ಮದೇ ಆಕಾಶಗಂಗೆಯ ಮ್ಯಾಗ್ನೆಟಾರ್, ಅಂದರೆ ಅತಿಪ್ರಬಲ ಕಾಂತಕ್ಷೇತ್ರದ ನ್ಯೂಟ್ರಾನ್ ನಕ್ಷತ್ರವೊಂದು, ಅಂಥದೇ ಸ್ಫೋಟವನ್ನು ಹೊಮ್ಮಿಸಿತು. ದೂರದ ಗೆಲಾಕ್ಸಿಗಳಿಂದ ಬರುವ ಸ್ಫೋಟಗಳೆಲ್ಲಕ್ಕೂ ಅದೇ ಮೂಲವೇ ಎಂಬ ಪ್ರಶ್ನೆ ಇನ್ನೂ ತೆರೆದಿದೆ.