ಆಯಿಲ್ ಕಪ್ಪಾದರೆ ಬೆದರಬೇಡಿ!

ಕೊಳ್ಳೇಗಾಲ: ಹನೂರು ದಾಟಿ ಮಾದಪ್ಪನ ಬೆಟ್ಟಕ್ಕೆ, ಯಳಂದೂರು ದಾಟಿ ಬಿಳಿಗಿರಿರಂಗನ ಬೆಟ್ಟಕ್ಕೆ ಏರು ಹತ್ತುವ ಹಳೇ ಡೀಸೆಲ್ ಜೀಪಿನ ಎಂಜಿನ್ ಬಿಚ್ಚಿಸಬೇಕಾಯ್ತೆಂದರೆ ಮಾಲೀಕನ ದುಡಿಮೆಯೆಲ್ಲ ಅಲ್ಲಿಗೇ ಹೋಯ್ತು.

ಹೊಸ ಆಯಿಲ್ ಮೂರೇ ದಿನಕ್ಕೆ ಕಪ್ಪಾಯ್ತು, ಅಂಗಡಿಯವನು ಮೋಸ ಮಾಡಿದ ಎಂಬ ಗೊಣಗಾಟವುಂಟು. ಮೋಸವಲ್ಲ ಸ್ವಾಮಿ! ಡೀಸೆಲ್ ಮಸಿ ಎಂಜಿನ್ನಿಗೆ ಅಂಟದಂತೆ ತನ್ನೊಳಗೆ ಹಿಡಿದಿಡುವುದೇ ಒಳ್ಳೇ ಆಯಿಲ್ಲಿನ ಕೆಲಸ.

ಸೀಮೆಎಣ್ಣೆ ಸುರಿದು ಎಂಜಿನ್ ಓಡಿಸಿ ತೊಳೆಯುವ ಚಾಳಿ ಮಾತ್ರ ಬೇಡ. ಆಯಿಲ್ ತೆಳ್ಳಗಾಗಿ ಬೇರಿಂಗ್ ಸವೆಯುತ್ತದೆ. ಒಮ್ಮೆಗೇ ಕಿತ್ತುಬಂದ ಗಸಿ ಜಾಲರಿಗೆ ಕೂತರೆ ಆಯಿಲ್ಲಿನ ದಾರಿಯೇ ಬಂದ್!

ಗಸಿ ನಿಧಾನವಾಗಿ ಬಿಡಲಿ. ಡೀಸೆಲ್ ಎಂಜಿನ್ನಿಗೆಂದೇ ಇರುವ ಆಯಿಲ್ ಹಾಕಿಸಿ, ಮೊದಲ ಸಲ ಅರ್ಧ ಅವಧಿಗೇ ಫಿಲ್ಟರ್ ಸಮೇತ ಬದಲಾಯಿಸಿದರೆ ಆಯ್ತು. ಡಬ್ಬಿ ಮೇಲಿನ 15ಡಬ್ಲ್ಯೂ-40, 20ಡಬ್ಲ್ಯೂ-50ರಲ್ಲಿ ಹಿಂದಿನ ಅಂಕಿ ದೊಡ್ಡದಾದಷ್ಟೂ ಬಿಸಿಯಲ್ಲಿ ಆಯಿಲ್ ಮಂದ. ಸವೆದು ಆಯಿಲ್ ಕುಡಿಯುವ ಎಂಜಿನ್ನಿಗೆ ಮಂದದ್ದು ಕೊಂಚ ಆಸರೆ. ಆದರೆ ಗಾಡಿಯ ಪುಸ್ತಕ ಒಪ್ಪಬೇಕು. ಸವೆದ ರಿಂಗನ್ನು ಯಾವ ಆಯಿಲ್ಲೂ ಹೊಸದು ಮಾಡದು.

ಇನ್ನು ಸೀಲಿಲ್ಲದ ಬಿಡಿ ಆಯಿಲ್. ಬಳಸಿದ್ದನ್ನೇ ಸೋಸಿ ತುಂಬಿದ್ದರೂ ಕಣ್ಣಿಗೆ ಗೊತ್ತಾಗದು. ಅಗ್ಗವೆಂದು ಅದನ್ನು ಹಾಕಿಸಿ ಬೆಟ್ಟದ ತಿರುವಿನಲ್ಲಿ ಎಂಜಿನ್ ಹಿಡಿದುಕೊಂಡರೆ, ಜನರನ್ನು ಇಳಿಸಿ ಗಾಡಿ ಎಳೆಸುವ ಖರ್ಚೂ ಮಾಲೀಕನದೇ.