ಹಿಂದಿನ ಸಾಲಿನ ನಾಲ್ಕು ತಂತಿ

ನನ್ನ ಎರಡು ಉದ್ಯೋಗಗಳಲ್ಲಿ ಒಂದನ್ನು ಮಾತ್ರ ಊರು ಬಲ್ಲದು. ಹಗಲಿನಲ್ಲಿ ಪ್ರೌಢಶಾಲೆಯ ಕನ್ನಡ ಉಪಾಧ್ಯಾಯನಾಗಿ ಮೂವತ್ತೆರಡು ವರ್ಷ ದುಡಿದೆ. ರಾತ್ರಿ, ಗಣೇಶನ ಹಬ್ಬದಿಂದ ಮೊದಲುಮಾಡಿ ರಾಜ್ಯೋತ್ಸವದ ತಿಂಗಳು ಮುಗಿಯುವವರೆಗೆ, ಬೀದಿಬೀದಿಯ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾದ ಹಿಂದಿನ ಸಾಲಿನಲ್ಲಿ ನಿಂತು ಬೇಸ್ ಗಿಟಾರು ನುಡಿಸಿದೆ. ಮೊದಲನೆಯದಕ್ಕೆ ನಿವೃತ್ತಿಯ ವಯಸ್ಸೆಂಬುದೊಂದಿತ್ತು. ಹಾರ ಹಾಕಿ ಕಳುಹಿಸಿಕೊಟ್ಟರು. ಎರಡನೆಯದಕ್ಕೆ ಅಂಥ ವಯಸ್ಸಿಲ್ಲವೆಂದು ನಂಬಿದ್ದೆ. ಕಳೆದ ಶ್ರಾವಣದಲ್ಲಿ ಒಂದು ದೂರವಾಣಿ ಕರೆ ಆ ನಂಬಿಕೆಯನ್ನು ತೆಗೆದುಹಾಕಿತು. ಅದರ ಸಂಗತಿಯನ್ನು ಆಮೇಲೆ ಹೇಳುತ್ತೇನೆ.

ಬೇಸ್ ಗಿಟಾರೆಂದರೆ ಏನೆಂದು ಬಲ್ಲವರು ವಿರಳ. ನಮ್ಮ ಶಾಲೆಯ ಗಣಿತದ ಮೇಷ್ಟ್ರು ಒಮ್ಮೆ ವೇದಿಕೆಯ ಮೇಲೆ ನನ್ನನ್ನು ನೋಡಿ, ಮರುದಿನ ಸ್ಟಾಫ್ ರೂಮಿನಲ್ಲಿ, "ಎಲ್ಲರ ಗಿಟಾರಿಗೂ ಆರು ತಂತಿ, ನಿಮ್ಮದಕ್ಕೆ ನಾಲ್ಕೇ ಇವೆಯಲ್ಲ ಸ್ವಾಮಿ, ಎರಡು ಕಿತ್ತುಹೋದುವೇ?" ಎಂದು ಮರುಕಪಟ್ಟು ಕೇಳಿದರು. ಬೇಂದ್ರೆಯವರ 'ನಾಕು ತಂತಿ'ಯ ಹೆಸರನ್ನು ನಾನು ತರಗತಿಯಲ್ಲಿ ಎತ್ತಿದಾಗಲೆಲ್ಲ ಹಿಂದಿನ ಬೆಂಚಿನ ಹುಡುಗರು ಒಬ್ಬರನ್ನೊಬ್ಬರು ತಿವಿದುಕೊಳ್ಳುತ್ತಿದ್ದರು. ನಾನು ಕಾಣದವನಂತೆ ಇರುತ್ತಿದ್ದೆ.

ನಾನಿರುವುದು ಬೇಗೂರಿನಲ್ಲಿ. ಊರು ಹಳೆಯದು, ಇಲ್ಲಿಯ ನಾಗೇಶ್ವರ ದೇವಾಲಯ ಗಂಗರ ಕಾಲದ್ದು. ಒಂಬತ್ತನೆಯ ಶತಮಾನದ ಕೊನೆಯ ಭಾಗಕ್ಕೆ ಸೇರಿದ ಇಲ್ಲಿಯ ವೀರಗಲ್ಲಿನ ಶಾಸನವೊಂದರಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಬೆಂಗಳೂರಿನ ಹೆಸರನ್ನು ಕಲ್ಲಿನಲ್ಲಿ ಕಾಪಾಡಿಕೊಟ್ಟ ಊರನ್ನು ಬೆಂಗಳೂರೇ ಈಗ ನುಂಗಿಬಿಟ್ಟಿದೆ. ಕೆರೆಯ ದಂಡೆಯಿಂದ ನೋಡಿದರೆ ಸುತ್ತಲೂ ಬಹುಮಹಡಿಯ ಕಟ್ಟಡಗಳು. ಅವುಗಳಲ್ಲಿ ಇರುವವರಲ್ಲಿ ಬಹುಮಂದಿ ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ಬೆಳಗ್ಗೆ ಹೋಗಿ ಕತ್ತಲಾದ ಮೇಲೆ ಬರುವ ತರುಣರು. ನಮ್ಮ ಮನೆಯ ಮಹಡಿಯ ಮೇಲೆ ಬಾಡಿಗೆಗಿರುವ ಕೊಪ್ಪಳದ ಹುಡುಗನೂ ಅವರಲ್ಲಿ ಒಬ್ಬ. ಬಂದ ಎರಡನೆಯ ವಾರವೇ ಮಾಳಿಗೆಯ ಗಾರೆ ಅದುರಿತು. ಭೂಕಂಪವಲ್ಲ, ಆತನೂ ಬೇಸ್ ನುಡಿಸುವವನು.

ಗಾರೆ ಏಕೆ ಅದುರಿತೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಬೇಸಿನ ಅತಿ ದಪ್ಪನೆಯ ತಂತಿಯನ್ನು ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಆ ನಾದದ ಒಂದು ಅಲೆ ಗಾಳಿಯಲ್ಲಿ 27 ಅಡಿಗಳಷ್ಟು ಉದ್ದ. ನನ್ನ ಕೋಣೆಯ ಉದ್ದವೇ 12 ಅಡಿ! ಅಲೆಗೆ ಮೈಚಾಚಲು ಸ್ಥಳ ಸಾಲದು. ಗೋಡೆ, ಬಾಗಿಲು, ಬೀರುವಿನ ಕನ್ನಡಿ ಎಲ್ಲವನ್ನೂ ಹಿಡಿದು ಅಲುಗಿಸುತ್ತದೆ. ಮನುಷ್ಯನ ಕಿವಿಯೋ ಇಂಥ ತಗ್ಗಿನ ನಾದಕ್ಕೆ ಸ್ವಭಾವತಃ ಮಂದ. ಆದುದರಿಂದ ಹಾಡುಗಾರನ ಧ್ವನಿಗೆ ಸಾಲುವ ವಿದ್ಯುತ್ತು ಬೇಸಿಗೆ ಸಾಲದು. ಹಲವು ಪಟ್ಟು ಬೇಕು. ಇಷ್ಟೆಲ್ಲ ಖರ್ಚು ಮಾಡಿಯೂ ಕೇಳುಗನಿಗೆ ಅದು ಕೇಳಿಸಿತೆನ್ನುವುದಕ್ಕಿಂತ ಎದೆಗೆ ತಾಗಿತೆನ್ನುವುದೇ ಸರಿ. ಮೃದಂಗದ ಎಡಬದಿಗೆ ರವೆಯ ಕಣಕ ಹಚ್ಚಿ ಪಡೆಯುವ ಗುಂಕಾರವೂ ತಂಬೂರಿಯ ಮಂದ್ರವೂ ಒಂದೇ ವಾದ್ಯದಲ್ಲಿ ಕೂಡಿದಂತೆ ಎಂದರೆ ನಮ್ಮವರಿಗೆ ಬೇಗ ಅರ್ಥವಾದೀತು. ತಾಳವನ್ನೂ ಶ್ರುತಿಯನ್ನೂ ಏಕಕಾಲದಲ್ಲಿ ಹೊರುವ ಕೂಲಿ ಅದು.

ನನಗೆ ಈ ಹುಚ್ಚು ಹತ್ತಿದ್ದು 1981ರಲ್ಲಿ. ಆ ವರ್ಷ ಶಂಕರ್ ನಾಗ್ ಅವರ 'ಗೀತಾ' ಚಿತ್ರ ಬಂದಿತು. ಸಂಗೀತ ಇಳಯರಾಜರದು; ನಮ್ಮ ಜಿ. ಕೆ. ವೆಂಕಟೇಶರ ಬಳಿ ಸಹಾಯಕರಾಗಿ ಪಳಗಿದವರು. ಅದರಲ್ಲಿ ಬಾಲಸುಬ್ರಹ್ಮಣ್ಯಂ, ಜಾನಕಿ ಹಾಡಿದ ಯುಗಳಗೀತೆಯನ್ನು ಕನ್ನಡಿಗರಲ್ಲಿ ಕೇಳದವರಿಲ್ಲ. ಎಲ್ಲರೂ ಹಾಡನ್ನು ಕೇಳುತ್ತಿದ್ದರೆ ನಾನು ಹಾಡಿನ ಕೆಳಗೆ ಓಡಾಡುವ ಇನ್ನೊಂದು ಹಾಡನ್ನು ಕೇಳತೊಡಗಿದೆ. ಅದು ಹಾಡುಗಾರರನ್ನು ಹಿಂಬಾಲಿಸುತ್ತಿರಲಿಲ್ಲ. ತನ್ನ ಪಾಡಿಗೆ ಹತ್ತಿ ಇಳಿದು, ಅವರು ಉಸಿರೆಳೆದುಕೊಳ್ಳುವ ಕಡೆ ಸರಿಯಾಗಿ ಬಂದು ಕೈಹಿಡಿಯುತ್ತಿತ್ತು. ಆ ವಾದ್ಯದ ಹೆಸರನ್ನು ತಿಳಿಯಲು ನನಗೆ ಆರು ತಿಂಗಳು ಬೇಕಾಯಿತು. ವಾದ್ಯವನ್ನು ಕೊಳ್ಳಲು ಮೂರು ವರ್ಷ.

ಈಗ ಸಲಕರಣೆಗಳ ಮಾತು. ಇದರಲ್ಲಿ ನನಗೂ ಮಹಡಿಯ ಹುಡುಗನಿಗೂ ನಡೆದಷ್ಟು ವಾಗ್ವಾದ ಯಾವ ವಿಮರ್ಶಕರ ನಡುವೆಯೂ ನಡೆದಿರಲಾರದು.

ಹಳೆಯ ಪಿಟೀಲಿನ ದೊಡ್ಡಣ್ಣನಂತಿರುವ ಡಬಲ್ ಬೇಸನ್ನು ಆಳೆತ್ತರ ನಿಲ್ಲಿಸಿಕೊಂಡು ನುಡಿಸಬೇಕು. ಸ್ವರಸ್ಥಾನವನ್ನು ಬೆರಳೇ ಹುಡುಕಿಕೊಳ್ಳಬೇಕು. ಅಮೆರಿಕದ ಲಿಯೊ ಫೆಂಡರ್ 1951ರಲ್ಲಿ ಆ ವಾದ್ಯವನ್ನು ಅಡ್ಡಹಾಕಿ, ವೀಣೆಗಿರುವಂತೆ ಮೆಟ್ಟುಗಳನ್ನು ಕೂರಿಸಿ, ಸ್ವರ ತಪ್ಪದೆಂಬ ಅರ್ಥದಲ್ಲಿ ಅದಕ್ಕೆ 'ಪ್ರಿಸಿಷನ್' ಎಂದು ಹೆಸರಿಟ್ಟ. ಕೊರಳಿಗೆ ತೂಗುಹಾಕಿಕೊಂಡು ಬಸ್ಸು ಹತ್ತಬಹುದಾಯಿತು. 1960ರಲ್ಲಿ ಆತನ 'ಜಾಜ್ ಬೇಸ್' ಬಂತು. ಕತ್ತು ತೆಳ್ಳಗೆ, ಪಿಕಪ್ ಎರಡು. ಇಂದು ಅಂಗಡಿಯಲ್ಲಿ ತೂಗುವ ಬಹುಪಾಲು ಬೇಸುಗಳು ಈ ಎರಡರ ಮಕ್ಕಳು, ಮೊಮ್ಮಕ್ಕಳು. ನನ್ನದು ಪ್ರಿಸಿಷನ್ನಿನ ನಕಲಿನ ನಕಲು. ಹುಡುಗನದಕ್ಕೆ ಐದು ತಂತಿ, ಒಳಗೆ ಬ್ಯಾಟರಿ, ಐದಾರು ತಿರುಗುಣಿ. ಐದನೆಯ ತಂತಿ ಸೆಕೆಂಡಿಗೆ 31 ಸಲದಷ್ಟು ಕೆಳಕ್ಕಿಳಿಯುತ್ತದೆ. ಬೀದಿಯ ಪೆಂಡಾಲಿನ ಸ್ಪೀಕರುಗಳಲ್ಲಿ ಬಹುತೇಕ ಯಾವುದೂ ಅಷ್ಟು ಆಳಕ್ಕೆ ಇಳಿಯಲಾರದು. ಅಲ್ಲಿ ಅದು ಬರಿಯ ಗೊರಗೊರ. ಒಳ್ಳೆಯ ಸಭಾಂಗಣವಿದ್ದವನಿಗೆ ಐದನೆಯ ತಂತಿ ಭೂಷಣ, ಇಲ್ಲದವನಿಗೆ ಹೆಗಲಿನ ಭಾರ. ಇದು ನನ್ನ ಮತ.

ತಂತಿಯ ವಿಷಯದಲ್ಲಿ ನನ್ನನ್ನು ಜಿಪುಣನೆನ್ನುತ್ತಾರೆ. ಹನ್ನೊಂದು ವರ್ಷದಿಂದ ಬದಲಿಸಿಲ್ಲ. ನನ್ನವು ಚಪ್ಪಟೆ ಸುತ್ತಿನ ತಂತಿಗಳು. ಬೆರಳಿಗೆ ನುಣುಪು, ನಾದಕ್ಕೆ ಮಾಗಿದ ಮಂಕು. ಹುಡುಗ ಅದನ್ನು ಮೀಟಿ ನೋಡಿ, "ಸರ್, ಇದ್ರಾಗ ಜೀವಾನ ಇಲ್ರಿ" ಎಂದ. ಅವನವು ದುಂಡು ಸುತ್ತಿನವು, ತಿಂಗಳಿಗೊಮ್ಮೆ ಹೊಸವು, ಹಿತ್ತಾಳೆಯ ಪಾತ್ರೆ ಬಡಿದಂತೆ ಠಣಠಣ. ನಾನು ಡೆಟ್ರಾಯಿಟಿನ ಜೇಮ್ಸ್ ಜೇಮರ್ಸನ್‌ನ ಕಥೆ ಹೇಳಿದೆ. ಮೋಟೌನ್ ಕಂಪನಿಯ ನೂರಾರು ಹಾಡುಗಳಿಗೆ ಆತನ ಬೇಸೇ ಅಡಿಪಾಯ. ಬಲಗೈಯ ತೋರುಬೆರಳು ಒಂದರಿಂದಲೇ ನುಡಿಸುತ್ತಿದ್ದ. ಆ ಬೆರಳಿಗೆ 'ಕೊಕ್ಕೆ' ಎಂದೇ ಹೆಸರು. ತಂತಿ ಕಡಿಯದ ಹೊರತು ಬದಲಿಸಿದವನಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಜಗತ್ತೆಲ್ಲ ಆತನ ಬೆರಳಿಗೆ ಕುಣಿಯಿತು. ಆದರೆ ಮೋಟೌನಿನ ಪ್ರಮುಖ ಧ್ವನಿಮುದ್ರಿಕೆಯೊಂದರ ಹೊದಿಕೆಯ ಮೇಲೆ ಆತನ ಹೆಸರು ಅಚ್ಚಾದದ್ದು 1971ರಲ್ಲಿ. ಕೇಳಿದವರು ಕೋಟಿ, ಹೆಸರು ಕೇಳಿದವರಿಲ್ಲ. ಹಿಂದಿನ ಸಾಲೆಂದರೆ ಇದು.

ಹುಡುಗನ ಆರಾಧ್ಯದೈವ ಐರನ್ ಮೇಡನ್ ತಂಡದ ಸ್ಟೀವ್ ಹ್ಯಾರಿಸ್. ಆ ತಂಡ 2007ರ ಮಾರ್ಚಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ಇವನಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದನಂತೆ. ಆ ದುಃಖ ಇವತ್ತಿಗೂ ಹೋಗಿಲ್ಲ. ನಾನು ಕುತೂಹಲಕ್ಕೆ ವಿಚಾರಿಸಿ ನೋಡಿದರೆ ಆ ಮಹಾಶಯನೂ ಚಪ್ಪಟೆ ಸುತ್ತಿನ ತಂತಿಯವನೇ, ಬೆರಳಿನಿಂದಲೇ ನುಡಿಸುವವನು! ಗೆದ್ದೆನೆಂದು ಮಹಡಿ ಹತ್ತಿ ಹೇಳಿದೆ. "ಖರೇ ಸರ್, ಆದ್ರ ಅವ್ರು ಪ್ರತಿ ಕಾರ್ಯಕ್ರಮಕ್ಕೂ ಹೊಸಾ ತಂತಿ ಹಾಕ್ತಾರ್ರಿ" ಎಂದು ನನ್ನನ್ನು ಕೆಳಗಿಳಿಸಿದ.

ಬೆರಳೋ ಪ್ಲೆಕ್ಟ್ರಮ್ಮೋ ಎಂಬುದು ಇನ್ನೊಂದು ಜಗಳ. ಪ್ಲೆಕ್ಟ್ರಮ್ಮಿನಿಂದ ನುಡಿಸುವುದು ಅನಾಗರಿಕವೆಂದು ಬಹುಕಾಲ ವಾದಿಸುತ್ತಿದ್ದವನು ನಾನು. ಲಾಸ್ ಏಂಜಲಿಸ್‌ನ ಕ್ಯಾರಲ್ ಕೇ ಎಂಬ ಮಹಿಳೆಯ ನುಡಿಸಾಣಿಕೆಯನ್ನು ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡೆ. ಮೊದಲು ಗಿಟಾರು ನುಡಿಸುತ್ತಿದ್ದವಳು. 1963ರಲ್ಲಿ ಒಂದು ದಿನ ಸ್ಟುಡಿಯೋಗೆ ಬೇಸಿನವನು ಬಾರದೆ ಹೋದುದರಿಂದ ಕೈಗೆ ಬೇಸು ಬಂತು, ಬಿಡಲಿಲ್ಲ. ಪ್ಲೆಕ್ಟ್ರಮ್ಮು ಹಿಡಿದೇ ಸಾವಿರಾರು ಧ್ವನಿಮುದ್ರಣಗಳಿಗೆ ನುಡಿಸಿದಳು. ಹೆಬ್ಬೆರಳಿನಿಂದ ತಂತಿಯನ್ನು ಬಡಿಯುವ 'ಸ್ಲ್ಯಾಪ್' ಶೈಲಿಯ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ. ಅದು ಊಟದಲ್ಲಿ ಉಪ್ಪಿನಕಾಯಿ. ಈಗಿನ ಹುಡುಗರು ಅದನ್ನೇ ಕಲಸಿ ಉಣ್ಣುತ್ತಾರೆ.

ವೇದಿಕೆಯ ಬದುಕನ್ನು ಕುರಿತು ಹೇಳುವುದಾದರೆ, ನನ್ನ ಮೊದಲ ಸಂಭಾವನೆ ಒಂದು ರಾತ್ರಿಗೆ 75 ರೂಪಾಯಿ, ಚಿತ್ರಾನ್ನ, ಮತ್ತು ಲಾರಿಯ ಹಿಂಭಾಗದಲ್ಲಿ ಸ್ಪೀಕರುಗಳ ಸಂಗಡ ಊರು ಸೇರುವ ಸೌಕರ್ಯ. ವಾದ್ಯಕ್ಕೆ ನಾಲ್ಕು ಕಿಲೋ ತೂಕ. ಐದು ಗಂಟೆ ನಿಂತರೆ ಎಡಹೆಗಲು ಬೇರೆಯವರದಾಗುತ್ತದೆ. ಪೆಂಡಾಲಿನಲ್ಲಿ ಭೂಸಂಪರ್ಕ ಸರಿಯಿಲ್ಲದಿದ್ದರೆ ಸ್ಪೀಕರಿನಲ್ಲಿ ಒಂದು ಗುಂಯ್ಗುಟ್ಟುವಿಕೆ ಹುಟ್ಟುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಆಂದೋಲಿಸುತ್ತದಷ್ಟೆ. ಬೇಸಿನ ದಪ್ಪ ತಂತಿಯ ಮೂರನೆಯ ಮೆಟ್ಟಿನ ಸ್ವರ 49. ಎಂದರೆ ವಿದ್ಯುತ್ತೂ ನನ್ನ ಪಕ್ಕದಲ್ಲಿ ನಿಂತು ಬೇಸು ನುಡಿಸುತ್ತದೆ, ಕೂದಲೆಳೆಯಷ್ಟು ಅಪಸ್ವರದಲ್ಲಿ! ಎಷ್ಟೋ ರಾತ್ರಿ ಮುಖ್ಯ ಗಾಯಕರನ್ನು ಬೇಡಿಕೊಂಡು ಹಾಡಿನ ಶ್ರುತಿಯನ್ನೇ ಅರ್ಧ ಮನೆ ಸರಿಸಿದ್ದೇನೆ.

ಹತ್ತು ಗಂಟೆಗೆ ಧ್ವನಿವರ್ಧಕ ನಿಲ್ಲಬೇಕೆಂಬ ನಿಯಮ 2000ದ ಶಬ್ದಮಾಲಿನ್ಯ ನಿಯಮಾವಳಿಯದು. ಮಲಗಬೇಕಾದ ಮಕ್ಕಳಿರುವ ಬೀದಿಯಲ್ಲಿ ಅದು ನ್ಯಾಯವೇ. ಆದರೆ ಹತ್ತಾಗುತ್ತಲೇ ಜನ ಮೊದಲು ಬೈಯುವುದು ಬೇಸನ್ನು. ಗೋಡೆ ದಾಟುವ ನಾದ ಅದೊಂದೇ. ಹೋಟೆಲು, ಬಾರುಗಳಲ್ಲಿ ನುಡಿಸುವವರ ಕಷ್ಟ ಬೇರೆ. ಲೈವ್ ಬ್ಯಾಂಡಿಗೆ ಪರವಾನಗಿ ಬೇಕೆಂಬ 2005ರ ಆದೇಶ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 2018ರಲ್ಲಿ ಊರ್ಜಿತವಾಯಿತು. ಹುಡುಗನ ತಂಡ ತಿಂಗಳಿಗೊಮ್ಮೆ ಎಲ್ಲಾದರೂ ನುಡಿಸುತ್ತದೆ. ನಾಲ್ವರೂ ಸಂಬಳದಿಂದ ಸಂಗೀತವನ್ನು ಸಾಕುವವರು. ನಮ್ಮ ಕಾಲದಲ್ಲಿ ಸಂಗೀತದಿಂದ ಸಂಬಳಕ್ಕೆ ಅಷ್ಟಿಷ್ಟು ಸೇರುತ್ತಿತ್ತು.

ಆ ಕರೆಯ ಸಂಗತಿಗೆ ಬರುತ್ತೇನೆ. ಇಪ್ಪತ್ತು ವರ್ಷಗಳಿಂದ ಬಲ್ಲ ನಮ್ಮ ತಂಡದ ಯಜಮಾನರು, "ಮೇಷ್ಟ್ರೇ, ತಪ್ಪು ತಿಳಿಯಬೇಡಿ. ಈ ಸಲ ಕೀಬೋರ್ಡಿನವನೇ ಎಡಗೈಯಲ್ಲಿ ಬೇಸು ನೋಡಿಕೊಳ್ಳುತ್ತಾನಂತೆ. ಕೆಲವು ಹಾಡಿಗೆ ಮೊದಲೇ ತುಂಬಿಸಿಟ್ಟುಕೊಂಡಿದ್ದಾನೆ. ಒಬ್ಬರ ಖರ್ಚು ಉಳಿಯುತ್ತದೆ" ಎಂದರು. ಅವರ ಧ್ವನಿಯಲ್ಲಿದ್ದ ಸಂಕೋಚ ನಿಜವಾದದ್ದು. ನಾನು "ಆಗಲಿ ಯಜಮಾನರೇ" ಎಂದೆ.

ಹಬ್ಬದ ನಾಲ್ಕನೆಯ ರಾತ್ರಿ, ಕೆರೆಯಿಂದ ಅಷ್ಟೇನೂ ದೂರವಿಲ್ಲದ ಬೀದಿಯಲ್ಲಿ, ಜನರ ನಡುವೆ ನಿಂತು ನಮ್ಮ ತಂಡವನ್ನು ಮೊದಲ ಬಾರಿಗೆ ಎದುರಿನಿಂದ ಕೇಳಿದೆ. ಪ್ರಾಮಾಣಿಕವಾಗಿ ಹೇಳಬೇಕು: ಕೊರತೆಯೇನೂ ಕಾಣಲಿಲ್ಲ. ನಾನು ಎಡವುತ್ತಿದ್ದ ಕಡೆ ಯಂತ್ರ ಎಡವಲಿಲ್ಲ. ನನಗಿಂತ ಆಳವಾಗಿ, ನಿರ್ಮಲವಾಗಿ ನುಡಿಯಿತು. ಜನ ಕುಣಿದರು. ಗುಂಯ್ಗುಟ್ಟುವಿಕೆಯೂ ಇರಲಿಲ್ಲ. ಆಮೇಲೆ ಆ 1981ರ ಯುಗಳಗೀತೆ ಬಂತು. ನಮ್ಮ ಗಾಯಕಿಗೆ ಅದರ ಚರಣದಲ್ಲಿ ಒಂದು ಕಡೆ ತುಸು ತಡೆದು ಮುಂದುವರಿಯುವ ಅಭ್ಯಾಸ. ತಂಡಕ್ಕೆ ಸೇರಿದಾಗಿನಿಂದ ಹಾಗೆ. ನಾನು ಆ ಎಡೆಯಲ್ಲಿ ಒಂದು ಸ್ವರವನ್ನು ಎಳೆದು ಹಿಡಿದು ಆಕೆಗಾಗಿ ಕಾಯುತ್ತಿದ್ದೆ. ತುಂಬಿಸಿಟ್ಟ ಬೇಸು ಕಾಯಲಿಲ್ಲ. ಆಕೆ ಅರ್ಧ ಮಾತ್ರೆಯಷ್ಟು ಹಿಂದೆ ಬಿದ್ದು, ಓಡಿ ಬಂದು ಸೇರಿಕೊಂಡರು. ಹಿಂದಕ್ಕೆ ತಿರುಗಿ ನನ್ನ ಜಾಗವನ್ನು ನೋಡಿದರೆಂದು ನನಗೆ ತೋರಿತು. ಮೈಕಿನ ತಂತಿಯನ್ನು ಸರಿಪಡಿಸಿಕೊಂಡದ್ದೂ ಇರಬಹುದು. ಸುತ್ತಲಿದ್ದ ನೂರಾರು ಜನರಲ್ಲಿ ಇದನ್ನು ಗಮನಿಸಿದವರು ಯಾರೂ ಇದ್ದಂತಿರಲಿಲ್ಲ. ಕಾಯುವವನೊಬ್ಬನಿಗೆ ಅಷ್ಟು ಹಣ ಕೊಡಬೇಕೇ ಎಂದು ಯಜಮಾನರು ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ.

ಮನೆಗೆ ಬಂದು ಹುಡುಗನಿಗೆ ಹೇಳಿದೆ. ಅವನ ತಂಡದಲ್ಲಿ ಶಿಶುನಾಳ ಷರೀಫರ ತತ್ತ್ವಪದವೊಂದನ್ನು ಹೊಸದಾಗಿ ಕೂರಿಸುತ್ತಿದ್ದರು. ರಘು ದೀಕ್ಷಿತ್ ಮತ್ತು ಅವರ ಸಂಗಡಿಗ ಗೌರವ್ ವಾಜ್ ಷರೀಫರ ಪದಕ್ಕೆ ಬೇಸಿನ ನೆಲೆ ಕೊಟ್ಟದ್ದು ಇವರಿಗೆಲ್ಲ ಮಾದರಿ. ಹುಡುಗ ತನ್ನ ಐದು ತಂತಿಯಲ್ಲಿ ಪದದ ತುಂಬ ಸ್ವರಗಳನ್ನು ಸುರಿಯುತ್ತಿದ್ದ. ನನ್ನ ಹಳೆಯ ವಾದ್ಯವನ್ನು ಅವನ ಕೈಗೆ ಕೊಟ್ಟು, ಮೂರೇ ಸ್ವರದಲ್ಲಿ ಮುಗಿಸು ನೋಡೋಣ ಎಂದೆ. ಎರಡು ಸಲ ತಪ್ಪಿದ. ಮೂರನೆಯ ಸಲ ಹಾಡುವವನು ಉಸಿರೆಳೆದುಕೊಳ್ಳುವಲ್ಲಿ ಸ್ವರವನ್ನು ಬಿಡದೆ ಹಿಡಿದು ನಿಂತ. "ಬೇಸೈತ್ರಿ ಸರ್" ಎಂದ. ಅವನ ಸೀಮೆಯಲ್ಲಿ ಬೇಸೆಂದರೆ ಚೆನ್ನಾಗಿದೆಯೆಂದೇ ಅರ್ಥವೆಂಬುದು ನನಗೆ ಅಷ್ಟು ಹೊತ್ತಿನವರೆಗೂ ಹೊಳೆದಿರಲಿಲ್ಲ.

ನವೆಂಬರಿನ ಮೊದಲ ವಾರ ಗಾಯಕಿಯಿಂದ ಕರೆ ಬಂತು. ಬೊಮ್ಮನಹಳ್ಳಿಯ ಕಡೆ ರಾಜ್ಯೋತ್ಸವದ ಕಾರ್ಯಕ್ರಮ. "ಸರ್, ಒಂದು ಹಾಡಿಗೆ ಬರ್ತೀರಾ? ಸಂಭಾವನೆ ಇಲ್ಲವಂತೆ, ನಾನು ಯಜಮಾನರ ಹತ್ತಿರ ಕೇಳಿಬಿಟ್ಟಿದ್ದೇನೆ." ಯಾವ ಹಾಡೆಂದು ನಾನು ಕೇಳಲಿಲ್ಲ. ಒಂದು ಹಾಡಿಗಾಗಿ ಅಷ್ಟು ದೂರ ಆಂಪ್ಲಿಫಯರ್ ಹೊರುವುದು ವಿವೇಕವೇ ಎಂದು ಮನೆಯಾಕೆ ಕೇಳಿದಳು, ಅಲ್ಲವೆಂದು ಒಪ್ಪಿಕೊಂಡೆ. ಅಷ್ಟರಲ್ಲಿ ಹುಡುಗ ಕೆಳಗಿಳಿದು ಬಂದು ಆಂಪ್ಲಿಫಯರನ್ನು ಎತ್ತಿ ಆಟೋದೊಳಗಿಟ್ಟಿದ್ದ.

ನನ್ನ ಕೈಯಲ್ಲಿ, ಹಬ್ಬದ ಮುನ್ನವೇ ಅವನು ತಂದುಕೊಟ್ಟಿದ್ದ ಹೊಸ ತಂತಿಗಳ ಪೊಟ್ಟಣವಿತ್ತು. ಅದನ್ನು ನೋಡಿ, "ತಂತಿ ಮಾತ್ರ ಬದ್ಲಿ ಮಾಡಬ್ಯಾಡ್ರಿ ಸರ್" ಎಂದ.